ಡಾಕ್ಟ್ರು ಬಿಳಿಯರಾಗಿದ್ದ ಹತ್ತು ವರ್ಷ

ಅಮೆರಿಕದಲ್ಲಿ ಜನಗಣತಿಯ ದಿನ ಯಾವುದು ಗೊತ್ತಾ? ಏಪ್ರಿಲ್ 1. ತಮಾಷೆಗೆ ಹೇಳ್ತಿಲ್ಲ. ಹತ್ತು ವರ್ಷಕ್ಕೊಮ್ಮೆ ತಲೆ ಎಣಿಸುವ ಈ ದೇಶ 1930ರಿಂದ ಅದೇ ದಿನವನ್ನು ಹಿಡಿದುಕೊಂಡು ಕೂತಿದೆ.

2020ರ ಏಪ್ರಿಲ್‌ನಲ್ಲಿ ನಾವೂ ಕೂತಿದ್ದೆವು, ಕೊರೊನಾ ಕಾರಣಕ್ಕೆ. ಲ್ಯಾಪ್‌ಟಾಪಿನಲ್ಲಿ ಫಾರ್ಮ್ ತೆಗೆದೆ. ಹೆಸರು, ವಯಸ್ಸು, ಮನೆ ಸ್ವಂತದ್ದೋ ಬಾಡಿಗೆಯದೋ, ಎಲ್ಲ ಎರಡೇ ನಿಮಿಷದಲ್ಲಿ ಮುಗಿಯಿತು. ಆಮೇಲೆ ಬಂತು ನೋಡಿ: ನಿಮ್ಮ ರೇಸ್ ಯಾವುದು?

ರೇಸ್ ಅಂದರೆ ಕನ್ನಡದಲ್ಲಿ ಜನಾಂಗ. ನಮ್ಮ ಕಡೆ ಜನಾಂಗ ಅಂದರೆ ಜಾತಿಗೆ ಹೊದಿಸಿದ ಶಾಲು. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ "ತಾವು ಯಾವ ಜನಾಂಗ?" ಅಂತ ಪಕ್ಕದ ಎಲೆಯವರು ಮೆಲ್ಲಗೆ ಕೇಳುತ್ತಾರಲ್ಲ, ಅದು. ಇಲ್ಲಿ ಸರ್ಕಾರ ಯಾವ ನಾಚಿಕೆಯೂ ಇಲ್ಲದೆ ಕೇಳುತ್ತದೆ.

ಉತ್ತರಗಳ ಪಟ್ಟಿ ನೋಡಿದೆ. ಬಿಳಿ, ಕಪ್ಪು. ಸರಿ, ಇವು ಬಣ್ಣ. ಅಮೆರಿಕನ್ ಇಂಡಿಯನ್. ಇದು ಕೊಲಂಬಸ್ ದಾರಿ ತಪ್ಪಿದ್ದಕ್ಕೆ ಸಾಕ್ಷಿ. ಚೈನೀಸ್, ಕೊರಿಯನ್, ಏಷ್ಯನ್ ಇಂಡಿಯನ್. ಇವು ದೇಶ. ಸಮೋವನ್. ಇದು ದ್ವೀಪ. ದರ್ಶಿನಿಯ ಬೋರ್ಡಿನಲ್ಲಿ ಬಿಸಿ, ಕೆಂಪು, ಇಡ್ಲಿ, ಮಂಗಳೂರು, ಇತರೆ ಅಂತ ಬರೆದು ನಿಮಗೆ ಯಾವ ತಿಂಡಿ ಅಂತ ಕೇಳಿದ ಹಾಗೆ. ನಮಗೊಂದು ಪ್ರತ್ಯೇಕ ಚೌಕ ಇದೆ. ಪಾಕಿಸ್ತಾನದವರು ಮಾತ್ರ 'ಇತರೆ ಏಷ್ಯನ್' ಅನ್ನುವಲ್ಲಿ ಬರೆಯಬೇಕು. 1947ರಲ್ಲಿ ಒಡೆದದ್ದು ದೇಶ ಅಂತ ತಿಳಿದಿದ್ದೆ. ಜನಾಂಗವೂ ಒಡೆದಿದೆಯಂತೆ.

ಏಷ್ಯನ್ ಇಂಡಿಯನ್ ಅಂತ ಒತ್ತಿ, ಇದರಲ್ಲೇನಿದೆ ಮಹಾ ಅಂತ ನಮ್ಮ ಊರಿನ ಹಿರಿಯ ಡಾಕ್ಟರಿಗೆ ಫೋನ್ ಮಾಡಿದೆ. ದಾವಣಗೆರೆಯವರು. 1968ರಲ್ಲಿ ಬಂದವರು. "ನಿಂಗೇನಪ್ಪಾ, ಸೀದಾ ಚೌಕ ಸಿಕ್ತು," ಅಂದರು. "ನಾನು ಹತ್ತು ವರ್ಷ ಬಿಳಿಯ ಆಗಿದ್ದೆ."

ಕೆಮ್ಮು ಬಂದುಬಿಟ್ಟಿತು ನನಗೆ. ಆದರೆ ಅವರು ಹೇಳಿದ್ದು ನಿಜ. 1970ರ ಫಾರ್ಮಿನಲ್ಲಿ ನಮಗೆ ಚೌಕ ಇರಲಿಲ್ಲ. ಡಾಕ್ಟ್ರು 'ಇತರೆ' ಅಂತ ಗುರುತು ಹಾಕಿ ಇಂಡಿಯನ್ ಅಂತ ಬರೆದರು. ಅಂಥವರನ್ನೆಲ್ಲ ಗಣತಿ ಆಫೀಸು ಬಿಳಿಯರ ಲೆಕ್ಕಕ್ಕೆ ಸೇರಿಸಿತು. ಫೇರ್‌ನೆಸ್ ಕ್ರೀಮಿನ ಖರ್ಚಿಲ್ಲ. "ಬಿಳಿಯ ಆಗಿದ್ದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಮನೆ ಬಾಡಿಗೆಗೆ ಕೇಳೋಕೆ ಹೋದಾಗ ಓನರ್‌ಗೂ ಗೊತ್ತಿರ್ಲಿಲ್ಲ ಅನ್ಸುತ್ತೆ," ಅಂದರು ಡಾಕ್ಟ್ರು.

1980ರಲ್ಲಿ 'ಏಷ್ಯನ್ ಇಂಡಿಯನ್' ಚೌಕ ಬಂತು. ಸುಮ್ನೆ ಬರಲಿಲ್ಲ. ಇಲ್ಲಿನ ಭಾರತೀಯ ಸಂಘದವರೇ ಸರ್ಕಾರದ ಬಾಗಿಲು ತಟ್ಟಿ, ನಾವು ಬಿಳಿಯರಲ್ಲ, ನಮ್ಮನ್ನು ಅಲ್ಪಸಂಖ್ಯಾತರ ಪಟ್ಟಿಗೆ ಹಾಕಿ ಅಂದರು. ಬೇಡ, ಇರೋ ಹಾಗೇ ಇರಲಿ ಅಂದ ಭಾರತೀಯರೂ ಇದ್ದರು. 2ಎಗೆ ಸೇರಿಸಿ ಅಂತ ಪಾದಯಾತ್ರೆ ಮಾಡುವ ನಾಡಿನಿಂದ ಬಂದವನಿಗೆ ಇದೆಲ್ಲ ಹೊಸದಲ್ಲ. ವಿಮಾನದಲ್ಲಿ ಉಪ್ಪಿನಕಾಯಿ ಜತೆ ಇದನ್ನೂ ತಂದಿದ್ದೇವೆ ಅಷ್ಟೇ.

ಅದಕ್ಕೂ ಹಿಂದೆ ಹೋದರೆ ಇನ್ನೂ ಮಜಾ. 1920, 1930, 1940ರ ಗಣತಿಯಲ್ಲಿ 'ಹಿಂದೂ' ಅನ್ನುವುದೇ ಒಂದು ಜನಾಂಗ. ಆಗ ಇಲ್ಲಿದ್ದ ನಮ್ಮವರಲ್ಲಿ ಹೆಚ್ಚಿನವರು ಪಂಜಾಬಿನ ಸಿಖ್ಖರು. ಅವರೂ ಹಿಂದೂ, ಮುಸ್ಲಿಮರೂ ಹಿಂದೂ. ಕೇಳಿ ಬರೆದುಕೊಳ್ಳುವ ಕಾಲವೂ ಅಲ್ಲ ಅದು. ಗಣತಿಯವನು ಬಾಗಿಲಲ್ಲಿ ನಿಂತು ಮುಖ ನೋಡಿ ಬರೆಯುತ್ತಿದ್ದ. 1890ರಲ್ಲಂತೂ ಕಪ್ಪು ರಕ್ತ ಎಂಟರಲ್ಲಿ ಒಂದು ಪಾಲೋ ನಾಲ್ಕರಲ್ಲಿ ಒಂದು ಪಾಲೋ ಅಂತಲೂ ಬರೆಯಬೇಕಿತ್ತು. ಕಾಲು ಮಗ್ಗಿ, ಅರೆ ಮಗ್ಗಿ ಬಂದರೆ ಮಾತ್ರ ಆಗುವ ಕೆಲಸ.

ಕೋರ್ಟೇನು ಕಡಿಮೆ ಇಲ್ಲ. ಆಗ ಹೊರಗಿನಿಂದ ಬಂದವರಲ್ಲಿ ಬಿಳಿಯರಿಗೆ, ಬಿಟ್ಟರೆ ಆಫ್ರಿಕಾ ಮೂಲದವರಿಗೆ ಮಾತ್ರ ಪೌರತ್ವ. 1922ರಲ್ಲಿ ತಕಾವೊ ಒಜಾವಾ ಅನ್ನುವ ಜಪಾನೀಯರು, ನಮ್ಮ ಚರ್ಮ ಬೆಳ್ಳಗಿದೆಯಲ್ಲ ಅಂದರು. ಸುಪ್ರೀಂ ಕೋರ್ಟ್, ಚರ್ಮ ಲೆಕ್ಕಕ್ಕಿಲ್ಲ, ಕಕೇಷಿಯನ್ (ಆಗಿನ ವಿಜ್ಞಾನಿಗಳು ಬಿಳಿಯರನ್ನು ಸೇರಿಸಿದ್ದ ಜನಾಂಗ) ಆಗಿರಬೇಕು ಅಂದಿತು. ಮೂರೇ ತಿಂಗಳಿಗೆ ಭಗತ್ ಸಿಂಗ್ ಥಿಂದ್ ಬಂದರು. ಅಮೆರಿಕದ ಸೈನ್ಯದಲ್ಲಿದ್ದ ಸಿಖ್. ನಾನು ಆರ್ಯ, ಮೇಲ್ಜಾತಿಯವನು, ವಿಜ್ಞಾನಿಗಳೇ ನಮ್ಮನ್ನು ಕಕೇಷಿಯನ್ ಅಂದಿದ್ದಾರೆ ಅಂತ ವಾದ. ಅದೇ ಕೋರ್ಟ್, ಅದೇ ಜಡ್ಜ್ ಸದರ್‌ಲ್ಯಾಂಡ್. ಈ ಸಲ ಹೇಳಿದ್ದು: ವಿಜ್ಞಾನ ಲೆಕ್ಕಕ್ಕಿಲ್ಲ, ಸಾಮಾನ್ಯ ಮನುಷ್ಯನ ಕಣ್ಣಿಗೆ ಬಿಳಿಯನ ಹಾಗೆ ಕಾಣಬೇಕು. ಜಾತಿ ಸರ್ಟಿಫಿಕೇಟು ಸಮುದ್ರ ದಾಟಿದರೂ ಕೆಲಸಕ್ಕೆ ಬರಲಿಲ್ಲ.

ಈಗ ಕಾಲ ಬದಲಾಗಿದೆ. ನಿಮ್ಮ ಜನಾಂಗ ನೀವೇ ಹೇಳಬಹುದು. ನೀವು ಅಂದರೆ, ಮನೆಯಲ್ಲಿ ಲ್ಯಾಪ್‌ಟಾಪ್ ಮೊದಲು ತೆಗೆದವರು. ಮನೆಮಂದಿಯ ಜನಾಂಗವನ್ನೆಲ್ಲ ತುಂಬುವುದು ಅವರೇ. ಮಂಡ್ಯದ ನನ್ನ ಗೆಳೆಯನ ಹೆಂಡತಿ ಐರಿಶ್ ಮೂಲದವರು. ಇವನು ಅಪ್ಪನದೇ ಮಗನದು ಅನ್ನುವ ಊರಿನ ಅಭ್ಯಾಸದಲ್ಲಿ ಹುಡುಗನಿಗೆ ಏಷ್ಯನ್ ಇಂಡಿಯನ್ ಒಂದೇ ಒತ್ತಿ ಮುಂದಕ್ಕೆ ಹೋದ. ಹಿಂದೆ ನಿಂತಿದ್ದ ಆಕೆ ಕೇಳಿದರಂತೆ, "ಹಾಗಾದರೆ ಒಂಬತ್ತು ತಿಂಗಳು ಹೊತ್ತವಳು ಯಾರು?" ಎರಡು ಚೌಕ ಒತ್ತಬಹುದು ಅಂತ ಆಮೇಲೆ ಗೊತ್ತಾಯಿತು. 2000ದಿಂದಲೇ ಇದೆ ಆ ಸೌಲಭ್ಯ.

ಹೀಗೆ ಎರಡು ಅಥವಾ ಹೆಚ್ಚು ಜನಾಂಗದವರು 2010ರಲ್ಲಿ 90 ಲಕ್ಷ ಇದ್ದರು. 2020ರಲ್ಲಿ 3.38 ಕೋಟಿ! ಅಷ್ಟು ಮದುವೆ ಯಾವ ಛತ್ರದಲ್ಲಿ ಆಯ್ತು ಅಂತ ಕೇಳಬೇಡಿ. ಚೌಕದ ಪಕ್ಕದ ಜಾಗದಲ್ಲಿ ನಾವು ಬರೆದದ್ದರಲ್ಲಿ ಮೊದಲು 30 ಅಕ್ಷರ ಓದುತ್ತಿದ್ದರು. ಈ ಸಲ 200 ಓದಿದರು. ಒಬ್ಬೊಬ್ಬರ ತಾತ ಮುತ್ತಾತರೆಲ್ಲ ಎದ್ದು ಬಂದರು. ಪೂರ್ತಿ ಏರಿಕೆ ಅದರಿಂದಲೇ ಅಲ್ಲ, ಆದರೆ ಜಾಸ್ತಿ ಪಾಲು ಕಾಗದದಲ್ಲೇ ಹುಟ್ಟಿದ್ದು.

ಇನ್ನು ಮೆಕ್ಸಿಕೋ ಮೂಲದವರ ಪಾಡು. 1930ರಲ್ಲಿ ಅವರದು ಜನಾಂಗ. 1940ರಲ್ಲಿ ಅಲ್ಲ. 2020ರಲ್ಲಿ ಅವರ ಮೂಲದ ಬಗ್ಗೆ ಬೇರೆ ಪ್ರಶ್ನೆ, ಜತೆಗೇ 'ಇದು ಜನಾಂಗವಲ್ಲ' ಅನ್ನುವ ಸೂಚನೆ. ಮುಂದೆ ಜನಾಂಗದ ಪಟ್ಟಿಯಲ್ಲಿ ಹುಡುಕಿದರೆ ತಾವೇ ಇಲ್ಲ. ಕೊನೆಗೆ 'ಬೇರೆ ಯಾವುದೋ ಜನಾಂಗ' ಅಂತ ಒತ್ತಿದವರೇ ಹೆಚ್ಚು. ಆ ಚೌಕಕ್ಕೆ ಬಿದ್ದದ್ದು 4.99 ಕೋಟಿ ಗುರುತು. ಬಿಳಿಯರ ನಂತರ ಅದೇ ಎರಡನೇ ಸ್ಥಾನ, ಕಪ್ಪು ಜನಾಂಗದವರಿಗಿಂತ ಮುಂದೆ. ಚುನಾವಣೆಯಲ್ಲಿ ನೋಟಾ ಎರಡನೇ ಸ್ಥಾನಕ್ಕೆ ಬಂದ ಹಾಗೆ.

ನನ್ನ ಆಫೀಸಿನಲ್ಲಿ ಇರಾನಿನ ಹೆಂಗಸೊಬ್ಬರಿದ್ದಾರೆ. ಫಾರ್ಮಿನ ಪ್ರಕಾರ ಬಿಳಿಯರು. ವಿಮಾನ ನಿಲ್ದಾಣದ ತಪಾಸಣೆಯವರಿಗೆ ಆ ಫಾರ್ಮ್ ಇನ್ನೂ ತಲುಪಿಲ್ಲವಂತೆ. 2024ರ ಮಾರ್ಚ್‌ನಲ್ಲಿ ಸರ್ಕಾರ ಮಧ್ಯಪ್ರಾಚ್ಯದವರಿಗೆ ಬೇರೆ ಚೌಕ ಕೊಡುವುದೆಂದು ತೀರ್ಮಾನಿಸಿತು. "ಬಿಳಿತನ ಮುಗಿಯೋಕೆ ಮುಂಚೆ ಏನಾದರೂ ಲಾಭ ಮಾಡ್ಕೊಳ್ಳಲಾ?" ಅಂತ ಕೇಳುತ್ತಿದ್ದರು. ಡಾಕ್ಟ್ರ ನಂಬರ್ ಕೊಟ್ಟಿದ್ದೇನೆ. ಅನುಭವಸ್ಥರು.

ನಾವೇನು ನಗೋ ಹಾಗಿಲ್ಲ, ಬಿಡಿ. 2011ರಲ್ಲಿ ನಮ್ಮ ದೇಶ ಮನೆಮನೆಗೆ ಹೋಗಿ ಜಾತಿ ಕೇಳಿದಾಗ 46 ಲಕ್ಷ ಹೆಸರು ಬಂದವು. ಗೋತ್ರ, ಮನೆತನ, ಸ್ಪೆಲ್ಲಿಂಗ್ ವ್ಯತ್ಯಾಸ ಎಲ್ಲ ಸೇರಿ. ಇದನ್ನು ಡಾಕ್ಟ್ರಿಗೆ ಹೇಳಿದ್ದೇ ತಪ್ಪಾಯಿತೇನೋ.

ನಾನು ಫಾರ್ಮ್ ತುಂಬಿದ ಅವತ್ತು ರಾತ್ರಿ ಅವರೇ ಫೋನ್ ಮಾಡಿದರು. ಹಿಂದೂಗಳ ಕಾಲ ಮುಗಿದ ಮೇಲೆ ಬಂದು, ಬಿಳಿಯರಾಗಿ, ಏಷ್ಯನ್ ಆಗಿ ಸಾಕಾಗಿದೆಯಂತೆ. ಈ ಸಲ 'ಬೇರೆ ಯಾವುದೋ ಜನಾಂಗ' ಒತ್ತಿ, ಪಕ್ಕದ ಜಾಗದಲ್ಲಿ ದಾವಣಗೆರೆ ಅಂತ ಬರೆಯುತ್ತಿದ್ದೇನೆ ಅಂದರು. ಅವರಿಗಿದ್ದದ್ದು ಒಂದೇ ಅನುಮಾನ. "ಊರಲ್ಲಿ ಒಂದೊಂದು ಬೋರ್ಡಲ್ಲಿ ಒಂದೊಂದು ಥರ ಇತ್ತಲ್ಲಪ್ಪಾ. ಇಂಗ್ಲಿಷಲ್ಲಿ ಬರೆಯುವಾಗ 'ಗೆರೆ'ಗೆ ಮುಂಚೆ 'ಎ' ಬರುತ್ತೋ, ಇಲ್ವೋ?"