ಅಜ್ಜನ ಶೈಲಿಯಲ್ಲೇ ಹೊಸ ಅಜ್ಜ

ಅಜ್ಜನಿಗೆ ಮಂಡಿನೋವು. ಹತ್ತು ವರ್ಷ ಯಾರೂ ಎಣ್ಣೆ ತಿಕ್ಕಲಿಲ್ಲ. ಈಗ ಮನೆಮಂದಿಯೆಲ್ಲ ಸಭೆ ಸೇರಿ ಠರಾವು ಮಾಡಿದ್ದಾರೆ: ಅಜ್ಜನನ್ನು ಮಣ್ಣು ಮಾಡಿ, ಅದೇ ಜಾಗದಲ್ಲಿ ಅದೇ ಪೇಟ, ಅದೇ ಮೀಸೆಯ ಹೊಸ ಅಜ್ಜನನ್ನು ತಂದು ನಿಲ್ಲಿಸುವುದು. ಯಾರಾದರೂ ಕಣ್ಣೊರೆಸಿಕೊಂಡರೆ ಸಮಾಧಾನವೂ ಸಿದ್ಧವಿದೆ: “ಪಾರಂಪರಿಕ ಶೈಲಿಯಲ್ಲೇ ಮಾಡ್ತೀವಲ್ಲ ಸ್ವಾಮಿ, ಇನ್ನೇನು ಬೇಕು?”

ಮೈಸೂರಿನ ಹಳೇ ದೇವರಾಜ ಮಾರುಕಟ್ಟೆ, ಲ್ಯಾನ್ಸ್‌ಡೌನ್ ಕಟ್ಟಡಗಳನ್ನು ಕೆಡವಿ ಅದೇ ಶೈಲಿಯಲ್ಲಿ ಮತ್ತೆ ಕಟ್ಟುವ ಮಾತಿನ ಕಥೆ ಬಲ್ಲವರಿಗೆ ಈ ಅಜ್ಜ ಹೊಸಬನಲ್ಲ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ಅದರಲ್ಲಿ ನಗುವಂಥದ್ದು ಏನೂ ಇಲ್ಲ. ನಗು ಬರುವುದು ಆಮೇಲಿನದಕ್ಕೆ. 2016ರ ಆಗಸ್ಟ್‌ನಲ್ಲಿ, ನವೀಕರಣ ನಡೆಯುತ್ತಿರುವಾಗಲೇ, ಮಾರುಕಟ್ಟೆಯ ಧನ್ವಂತರಿ ರಸ್ತೆ ಕಡೆಯ ಹೆಬ್ಬಾಗಿಲ ಭಾಗ ಬಿತ್ತು. ತಜ್ಞರ ಒಂದು ಸಮಿತಿ ಕೆಡವಿ ಎಂದಿತು, ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್ ದುರಸ್ತಿ ಸಾಧ್ಯ ಎಂದಿತು. ಕಡತಗಳು ಕೋರ್ಟಿಗೆ ಹೋದವು. ಮಳೆ ಮಾತ್ರ ಯಾವ ವರದಿಗೂ ಕಾಯದೆ ಪ್ರತಿ ವರ್ಷ ಸಕಾಲಕ್ಕೆ ಬಂತು.

ಹಳೇ ಕಟ್ಟಡ ತಾನಾಗಿ ಶಿಥಿಲವಾಗುವುದಿಲ್ಲ, ಅದಕ್ಕೂ ಶ್ರಮ ಬೇಕು. ಮೊದಲ ಕೆಲಸ, ಏನೂ ಮಾಡದಿರುವುದು. ತಾರಸಿಯ ನೀರು ಹೋಗುವ ತೂಬಿಗೆ ಎಲೆ ಕಟ್ಟಿಕೊಳ್ಳಲಿ. ಹಳೇ ಕಟ್ಟಡಗಳಲ್ಲಿ ಕಾಣುವ ಮದ್ರಾಸ್ ತಾರಸಿ ಎಂದರೆ ತೇಗದ ತೊಲೆ, ಅದರ ಮೇಲೆ ಗಾರೆಯಲ್ಲಿ ಅಂಚಿಗೆ ನಿಲ್ಲಿಸಿದ ಇಟ್ಟಿಗೆ, ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಹಾಸು. ತೊಲೆಯ ನಡು ನೂರು ವರ್ಷವಾದರೂ ಗಟ್ಟಿ. ಕೊಳೆಯುವುದು ಗೋಡೆಯೊಳಗೆ ಹುದುಗಿರುವ ತುದಿ, ಏಕೆಂದರೆ ತೂಬು ಕಟ್ಟಿದ ನೀರು ಇಳಿಯುವುದು ಅಲ್ಲಿಗೇ. ಒಂದು ಸ್ಕ್ರೂಡ್ರೈವರ್ ಚುಚ್ಚಿ ನೋಡಿದರೆ ಗೊತ್ತಾಗುತ್ತದೆ: ಸಲೀಸಾಗಿ ಒಳಗೆ ಹೋದರೆ ತುದಿ ಹೋಗಿದೆ. ಕೊಳೆತಷ್ಟನ್ನು ಕತ್ತರಿಸಿ, ಎರಡೂ ಬದಿಗೆ ಉಕ್ಕಿನ ಪಟ್ಟಿ ಇಟ್ಟು ಬೋಲ್ಟ್ ಬಿಗಿದರೆ ತೊಲೆ ಉಳಿಯುತ್ತದೆ. ಆದರೆ ಇಷ್ಟು ಸಣ್ಣ ಕೆಲಸಕ್ಕೆ ಗುದ್ದಲಿ ಪೂಜೆ ಮಾಡಲಾಗುವುದಿಲ್ಲವಲ್ಲ!

ಆದ್ದರಿಂದ ಸೋರುವಿಕೆಗೆ ಮದ್ದೆಂದು ಮೇಲೆ ಕಾಂಕ್ರೀಟ್ ಸುರಿಯುತ್ತಾರೆ. 10 ಅಡಿ ಉದ್ದ, 10 ಅಡಿ ಅಗಲದ ಕೋಣೆಯ ಮೇಲೆ 3 ಇಂಚು ಕಾಂಕ್ರೀಟೆಂದರೆ ಸುಮಾರು 1,700 ಕೆ.ಜಿ. ಅದರ ಪಕ್ಕದಲ್ಲೇ ಸಾವಿರ ಲೀಟರಿನ ಕಪ್ಪು ಟ್ಯಾಂಕು, ಅಂದರೆ ತುಂಬಿದಾಗ ಇನ್ನೊಂದು ಟನ್. ತುದಿ ಕೊಳೆತ ತೊಲೆಯ ಮೇಲೆ ಒಂದು ಆನೆ ಏರಿಸಿ, ನಂತರ “ತೊಲೆ ಬಾಗಿದೆ” ಎಂದು ವರದಿ ಬರೆಯುತ್ತಾರೆ.

ಮುಂದೆ ಗೋಡೆಗೆ ಚಿಕಿತ್ಸೆ. ಕನ್ನಡದಲ್ಲಿ ಮೇಸ್ತ್ರಿಯ ಕೆಲಸಕ್ಕೆ ‘ಗಾರೆ ಕೆಲಸ’ ಎಂದೇ ಹೆಸರು. ಇವತ್ತಿನ ಗಾರೆ ಕೆಲಸದಲ್ಲಿ ಇಲ್ಲದ್ದು ಗಾರೆ ಒಂದೇ. ನಿಜವಾದ ಗಾರೆಗೆ ಸುಟ್ಟ ಸುಣ್ಣವನ್ನು ತೊಟ್ಟಿಯ ನೀರಿನಲ್ಲಿ ಅರಳಿಸಿ ವಾರಗಟ್ಟಲೆ ಕೊಳೆಹಾಕಬೇಕು, ಒಂದಕ್ಕೆ ಎರಡೋ ಮೂರೋ ಪಾಲು ಮರಳು, ಸುರ್ಕಿ (ಇಟ್ಟಿಗೆ ಪುಡಿ) ಸೇರಿಸಿ ಗಾಣದಲ್ಲಿ ಅರೆಯಬೇಕು, ಅಳಲೆಕಾಯಿ ಮತ್ತು ಬೆಲ್ಲ ನೆನೆಸಿದ ನೀರು ಹಾಕಬೇಕು, ಬಳಿದ ಮೇಲೆ ಗೋಣಿತಾಟು ಕಟ್ಟಿ ಹಸಿ ಕಾಯಬೇಕು. ಬಿಲ್ಲು ಮಾರ್ಚ್ 31ರೊಳಗೆ ಪಾಸಾಗಬೇಕು. ಸುಣ್ಣಕ್ಕೆ ಆರ್ಥಿಕ ವರ್ಷದ ಜ್ಞಾನವಿಲ್ಲ, ಸಿಮೆಂಟಿಗೆ ಇದೆ.

ಸಿಮೆಂಟಿನ ಪ್ಲಾಸ್ಟರಿನಲ್ಲಿ ಗೋಡೆ ಉಸಿರಾಡಲಾರದು. ನೆಲದಿಂದ ಏರಿದ ತೇವ ಹೊರಬರಲಾಗದೆ, ಅದರ ಜೊತೆ ಬಂದ ಉಪ್ಪು ಪ್ಲಾಸ್ಟರಿನ ಹಿಂದೆ ಹರಳುಗಟ್ಟಿ ಇಟ್ಟಿಗೆಯ ಮುಖವನ್ನು ಪುಡಿ ಮಾಡುತ್ತದೆ. ಮೂರ್ನಾಲ್ಕು ಮಳೆಗಾಲದ ನಂತರ ಬಡಿದರೆ ಡೊಳ್ಳಿನ ಸದ್ದು. ಆಗ ಇನ್ನೊಂದು ಟೆಂಡರ್, ಅದರ ಮೇಲೆ ಪ್ಲಾಸ್ಟಿಕ್ ಬಣ್ಣ. ಅಷ್ಟರಲ್ಲಿ ಬಿರುಕಿನಲ್ಲೊಂದು ಅರಳಿ ಗಿಡ. ಸಿಬ್ಬಂದಿ ಪ್ರತಿ ವರ್ಷ ಅದರ ತಲೆ ಕತ್ತರಿಸುತ್ತಾರೆ. ತೋಟಗಾರಿಕೆ ಬಲ್ಲವರು ಅದನ್ನು ಚಾಟಣಿ ಎನ್ನುತ್ತಾರೆ. ಕೊಂಬೆ ಕತ್ತರಿಸಿದಷ್ಟೂ ಬೇರು ದಪ್ಪ. ಬೇರು ಸಾಯಿಸಿ, ಆ ಪೊಳ್ಳಿಗೆ ಸುಣ್ಣದ ತಿಳಿ ಗಾರೆ ತುಂಬಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಪಾರಂಪರಿಕ ಕಟ್ಟಡಗಳಲ್ಲಿ ತಪ್ಪದೆ ಅಭಿವೃದ್ಧಿ ಕಾಣುತ್ತಿರುವುದು ಸದ್ಯಕ್ಕೆ ಈ ಅರಳಿ ಮಾತ್ರ.

ಇಷ್ಟಾದ ಮೇಲೆ “ಆಯಸ್ಸು ಮುಗಿದಿದೆ” ಎಂಬ ಪ್ರಮಾಣಪತ್ರ. ಯಾರ ಆಯಸ್ಸು? ಬೆಂಗಳೂರಿನ ಅಠಾರಾ ಕಚೇರಿ 1868ರಲ್ಲಿ ಪೂರ್ಣಗೊಂಡದ್ದು. 1980ರ ದಶಕದಲ್ಲಿ ಅದನ್ನೂ ಕೆಡವುವ ಮಾತು ಬಂದಿತ್ತು, ಜನ ಬಿಡಲಿಲ್ಲ. ಹೈಕೋರ್ಟ್ ಇವತ್ತಿಗೂ ಅಲ್ಲೇ ನಡೆಯುತ್ತಿದೆ. ಅದಕ್ಕಿಂತ ಕಿರಿಯ ಕಟ್ಟಡಗಳು ವಯಸ್ಸಾಗಿ ಬದುಕಲಾರವು ಎಂದು ವಾದಿಸಲು ವಕೀಲರು ಅದೇ ಮೆಟ್ಟಿಲು ಹತ್ತಬೇಕು. ಅಲ್ಲಿಂದ ತುಸು ದೂರದ ಮಾಣಿಕ್ಯವೇಲು ಬಂಗಲೆ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ. ಹಳೇ ಸೆಂಟ್ರಲ್ ಜೈಲು ಫ್ರೀಡಂ ಪಾರ್ಕ್ ಆಗಿದೆ. ಜೈಲಿಗೇ ಬಿಡುಗಡೆ ಸಿಕ್ಕಿದ ನಾಡಿನಲ್ಲಿ ಮಾರುಕಟ್ಟೆಗೆ ಜಾಮೀನು ಸಿಗದಿರುವುದು ಸೋಜಿಗ.

ಇನ್ನು ಹೊಸ ಅಜ್ಜ. ಕಾಂಕ್ರೀಟ್ ಕಂಬ, ಕಾಂಕ್ರೀಟ್ ಬೀಮು, ನೆಲಮಾಳಿಗೆಯಲ್ಲಿ ಪಾರ್ಕಿಂಗ್. ಹಳೇ ಕಮಾನು ಭಾರ ಹೊರುತ್ತಿತ್ತು, ಪಕ್ಕದ ಕಮಾನಿಗೆ ಹೆಗಲು ಕೊಟ್ಟು ನಿಂತಿತ್ತು. ರಿಪೇರಿಗೆಂದು ಊರೆಗೋಲು ಕೊಡದೆ ಸಾಲಿನ ಒಂದನ್ನು ಬಿಚ್ಚಿದರೆ ಉಳಿದವೂ ಹೊರಮುಖವಾಗಿ ವಾಲುತ್ತಿದ್ದವು. ಹೊಸ ಕಮಾನಿಗೆ ಆ ತಾಪತ್ರಯವಿಲ್ಲ. ಭಾರವೆಲ್ಲ ಬೀಮಿನದು, ಕಮಾನು ಅದರ ಕೆಳಗೆ ಪ್ಲಾಸ್ಟರಿನಲ್ಲಿ ಬರೆದ ಹುಬ್ಬು. ಮೇಲೆ ಹಳದಿ ಬಣ್ಣ, ದಸರೆಗೆ ಸೀರಿಯಲ್ ಸೆಟ್ಟು, ಬಾಗಿಲಲ್ಲಿ ಅಮೃತಶಿಲೆಯ ಫಲಕ. ತೂಬಿನ ಬಾಯಿಗೆ ಜಾಲರಿ ಹಾಕುವುದು ಮಾತ್ರ ಅಂದಾಜುಪಟ್ಟಿಯಲ್ಲಿ ಬಿಟ್ಟುಹೋಗಿದೆ.