ಬೈಕಿಗೊಂದು ಕಬ್ಬಿಣದ ಕಚ್ಚೆ

ಬೈಕ್ ತಯಾರಿಸುವವರಿಗೆ ಅದರ ಹಿಂಭಾಗದ ವಿಷಯದಲ್ಲಿ ಶುದ್ಧ ಮಲತಾಯಿ ಧೋರಣೆ. ಎಂಜಿನ್ ಕಾಯಲು ಮುಂದೆ ದಪ್ಪ ಲೆಗ್‌ಗಾರ್ಡ್ ಇರುತ್ತದೆ. ಹಿಂದೆ ಇರುವುದು ಸೀರೆ ಗಾರ್ಡ್ ಮಾತ್ರ. ಅದನ್ನೂ ಕೊಡುವುದು ಬೈಕಿನ ಮೇಲಿನ ಮಮತೆಯಿಂದಲ್ಲ. ಹಿಂಬದಿ ಸವಾರರಿಗೆ ಹಿಡಿಕೆ ಇರಬೇಕು, ಪಾದ ಊರಲು ಜಾಗ ಇರಬೇಕು, ಬಟ್ಟೆ ಸಿಲುಕದಂತೆ ಹಿಂದಿನ ಚಕ್ರದ ಅರ್ಧಭಾಗವಾದರೂ ಮುಚ್ಚಿರಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಸೆರಗಿಗೆ ಕಾನೂನಿನ ರಕ್ಷಣೆ ಉಂಟು, ಇಂಡಿಕೇಟರಿಗೆ ದೇವರೇ ಗತಿ.

ನಮ್ಮ ಬೀದಿಯಲ್ಲಿ ಓಡುವ ಬೈಕಿಗಿಂತ ನಿಂತ ಬೈಕಿಗೆ ಅಪಾಯ ಜಾಸ್ತಿ. ನೀರಿನ ಟ್ಯಾಂಕರ್ ಹಿಂದಕ್ಕೆ ಬರುವಾಗ ಕ್ಲೀನರ್ ಹುಡುಗ ‘ಬರಲಿ, ಬರಲಿ’ ಎನ್ನುತ್ತಲೇ ಇರುತ್ತಾನೆ. ‘ಸಾಕು’ ಎನ್ನುವ ಅಭ್ಯಾಸ ಅವನಿಗಿಲ್ಲ. ಕೇಬಲ್ ಹಾಕಲು ಅಗೆದು ಮುಚ್ಚಿದ ಮಣ್ಣಿನಲ್ಲಿ ಸೈಡ್ ಸ್ಟ್ಯಾಂಡ್ ಮೆಲ್ಲಗೆ ಇಳಿದು, ನಡುರಾತ್ರಿ ಬೈಕು ತಾನೇ ಮಲಗುವುದೂ ಉಂಟು. ಬಿದ್ದಾಗಲೆಲ್ಲ ಹಿಂದಿನ ಇಂಡಿಕೇಟರ್ ಕತ್ತು ಮುರಿದುಕೊಂಡು ಎರಡು ವಯರುಗಳ ಆಧಾರದಲ್ಲಿ ಜೋತಾಡುತ್ತದೆ.

“ಭಾವ, ಹಿಂದಕ್ಕೂ ಒಂದು ಗಾರ್ಡ್ ಹಾಕಿಸಿಬಿಡಿ” ಎಂದವನು ನನ್ನ ಭಾವಮೈದುನ. ಅವನು ಸ್ವಂತ ಬೈಕು ಇಲ್ಲದವನಾದ್ದರಿಂದ ಬೈಕುಗಳ ಬಗ್ಗೆ ನಿರ್ದಾಕ್ಷಿಣ್ಯವಾದ ಅಭಿಪ್ರಾಯಗಳನ್ನು ಇಟ್ಟುಕೊಂಡಿದ್ದಾನೆ. ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಮಾವನವರು ತಲೆ ಎತ್ತದೆ, “ನಮ್ಮ ಯೆಜ್ಡಿ ಬಿದ್ದರೆ ರಸ್ತೆಗೆ ಪೆಟ್ಟಾಗುತ್ತಿತ್ತು” ಎಂದರು. ಮೈಸೂರಿನಲ್ಲಿ ಯೆಜ್ಡಿ ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಮಾವನವರ ಮಟ್ಟಿಗೆ ದ್ವಿಚಕ್ರ ವಾಹನಗಳ ಇತಿಹಾಸವೂ ಅಲ್ಲಿಗೇ ಮುಗಿದಿದೆ.

ಬೆಂಗಳೂರಿನಲ್ಲಿ ಇಂಥ ಕೆಲಸಕ್ಕೆ ಜೆ.ಸಿ. ರಸ್ತೆ. ಕಾಲಿಟ್ಟರೆ ಸಾಕು, “ಸಾರ್, ಏನು ಬೇಕು, ಸೀಟ್ ಕವರಾ, ಗಾರ್ಡಾ?” ಎಂದು ಪ್ರತಿ ಅಂಗಡಿಯ ಹುಡುಗನೂ ಅಡ್ಡ ಬರುತ್ತಾನೆ. ನನಗೆ ಸಿಕ್ಕಿದ್ದು ಹೆಬ್ಬೆರಳಿಗಿಂತ ದಪ್ಪದ ಪೈಪನ್ನು ಬಗ್ಗಿಸಿ, ಕಪ್ಪು ಬಣ್ಣ ಬಳಿದ ಒಂದು ಚೌಕಟ್ಟು. ಎರಡೂ ಕಡೆ ಕಿವಿಯಂತೆ ಚಾಚಿಕೊಂಡು, ಹಿಂದೆ ಅಡ್ಡಸರಳಿನಿಂದ ಕೂಡಿಕೊಂಡಿತ್ತು. ಹುಡುಗ ಶಾಕ್ ಅಬ್ಸಾರ್ಬರಿನ ಮೇಲಿನ ನಟ್ಟು ಬಿಚ್ಚಿ, ಗಾರ್ಡಿನ ಕೊಕ್ಕೆಯನ್ನು ಅದೇ ಬೋಲ್ಟಿಗೆ ಸಿಕ್ಕಿಸಿದ. ರಂಧ್ರ ಕೂಡಲಿಲ್ಲ. ಗಾರ್ಡಿನ ಮೇಲೆ ಕಾಲಿಟ್ಟು ನಿಂತ. ಕೂಡಿತು. ಸ್ಟಾರ್ಟ್ ಮಾಡಿದರೆ ಇಡೀ ಚೌಕಟ್ಟು ಕಟಕಟ ಎಂದು ಹಲ್ಲು ಕಡಿಯತೊಡಗಿತು. ಅವನು ಮೋರಿಯ ಪಕ್ಕ ಬಿದ್ದಿದ್ದ ಹಳೆಯ ಟ್ಯೂಬಿನಿಂದ ರೂಪಾಯಿ ಅಗಲದ ತುಂಡು ಕತ್ತರಿಸಿ, ನಡುವೆ ತೂತು ಹೊಡೆದು, ವಾಷರಿನಂತೆ ಒಳಗೆ ತೂರಿಸಿದ. ಸದ್ದು ನಿಂತಿತು. ಆ ಒಂದು ತುಂಡು ರಬ್ಬರಿಗಾಗಿಯೇ ಅವನಿಗೆ ಇಪ್ಪತ್ತು ರೂಪಾಯಿ ಹೆಚ್ಚು ಕೊಟ್ಟೆ.

ಮನೆಯ ಗೇಟಿನಲ್ಲಿ ಮೊದಲ ಪರೀಕ್ಷೆ. ಹ್ಯಾಂಡಲ್ ಹೋದ ಕಡೆ ಬೈಕು ಹೋಗುತ್ತದೆ ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ಹ್ಯಾಂಡಲ್ ಹೋಯಿತು, ಹಿಂಭಾಗ ಗೇಟನ್ನು ತಬ್ಬಿಕೊಂಡು ಅಲ್ಲೇ ಉಳಿಯಿತು. ಗಾಂಧಿ ಬಜಾರಿನಲ್ಲಿ ಹಿರಿಯರೊಬ್ಬರ ಬಟ್ಟೆ ಚೀಲದ ಹಿಡಿಯನ್ನು ಗಾರ್ಡು ಸಲೀಸಾಗಿ ಕಸಿದುಕೊಂಡು ಹೊರಟಿತು. ಹಿಂದಿನಿಂದ ಬಂದ ಕೂಗನ್ನು ನಾನು ದಾರಿ ಕೇಳುತ್ತಿದ್ದಾರೆಂದುಕೊಂಡೆ. ಬದನೆಕಾಯಿಗಳನ್ನು ಇಬ್ಬರೂ ಸೇರಿ ಆರಿಸಿದೆವು. ಬೀದಿಯ ಮಕ್ಕಳಿಗೆ ಅದು ಉಯ್ಯಾಲೆಯಾಯಿತು, ಹಾಲಿನವನಿಗೆ ಚೀಲ ತೂಗುಹಾಕುವ ಗೂಟವಾಯಿತು.

ಸಂಚಾರ ಪೊಲೀಸರೊಬ್ಬರು ತಡೆದಾಗ ಹೆಲ್ಮೆಟ್, ವಿಮೆ ಎಲ್ಲ ಸರಿಯಾಗಿದ್ದವು. ಅವರು ಬಗ್ಗಿ ನಂಬರ್ ಪ್ಲೇಟನ್ನೇ ನೋಡುತ್ತಿದ್ದರು. “ಇದು ಸೊನ್ನೆಯೋ, ಎಂಟೋ?” ಗಾರ್ಡಿನ ಅಡ್ಡಸರಳು ಸೊನ್ನೆಯ ಹೊಟ್ಟೆಯ ಮೇಲೆ ಸರಿಯಾಗಿ ಹಾದು ಅದನ್ನು ಎಂಟು ಮಾಡಿಬಿಟ್ಟಿತ್ತು. ಪ್ಲೇಟನ್ನು ಕೆಳಗಿಳಿಸೋಣವೆಂದರೆ ಅದು ಅತಿ ಸುರಕ್ಷಿತ ಪ್ಲೇಟು. ಅದರ ಬೀಗದ ರಿವೆಟ್ ಒಮ್ಮೆ ಕಿತ್ತರೆ ಮತ್ತೆ ಕೂರುವುದಿಲ್ಲ. ಹಾಗಾಗಿ ಸರಳನ್ನೇ ಬೆಸುಗೆಯವನ ಬಳಿ ಮೇಲೆತ್ತಿಸಿದೆ. ಎಂಟರ ನಂಬರಿನ ಪುಣ್ಯಾತ್ಮ ಯಾರೋ, ಕ್ಯಾಮೆರಾ ಕಂಬಗಳ ಕೃಪೆಯಿಂದ ಅವನ ಮನೆಗೆ ನನ್ನ ನೋಟಿಸುಗಳು ಹೋಗದಿದ್ದರೆ ಸಾಕು.

ನಿಜವಾದ ಜ್ಞಾನೋದಯ ಪಂಕ್ಚರ್ ಅಂಗಡಿಯಲ್ಲಾಯಿತು. ನನ್ನದು ಕಡ್ಡಿ ಚಕ್ರದ, ಟ್ಯೂಬ್ ಇರುವ ಬೈಕು. ವಾಲ್ವಿನ ಬುಡದಲ್ಲೇ ಟ್ಯೂಬ್ ಹರಿದಿತ್ತು. ತೇಪೆ ನಿಲ್ಲದು, ಚಕ್ರ ಬಿಚ್ಚಲೇಬೇಕು. ಅಂಗಡಿಯವರು ನಟ್ಟು ಸಡಿಲಿಸಿ, ಚಕ್ರದ ನಡುವೆ ಹಾದುಹೋಗುವ ಆಕ್ಸಲ್ ಸರಳನ್ನು ಹೊರಗೆಳೆದರು. ಅದು ಗೇಣುದ್ದ ಬಂದು ಗಾರ್ಡಿನ ಪೈಪಿಗೆ ಡಿಕ್ಕಿ ಹೊಡೆದು ನಿಂತಿತು. ಗಾರ್ಡ್ ಬಿಚ್ಚೋಣವೆಂದರೆ ಬೋಲ್ಟು ಶಾಕ್ ಅಬ್ಸಾರ್ಬರಿನದು. ಅದನ್ನು ಬಿಚ್ಚಲು ಸೀಟಿನ ಪಕ್ಕದ ಹಿಡಿಕೆ ಬಿಚ್ಚಬೇಕು. ಅರ್ಧ ಗಂಟೆಯಲ್ಲಿ ಫುಟ್‌ಪಾತಿನ ಮೇಲೆ ನನ್ನ ಬೈಕಿನ ಹಿಂದಿನ ಅರ್ಧವೆಲ್ಲ ಹರಡಿಕೊಂಡಿತ್ತು.

“ಇದನ್ನು ಯಾಕೆ ಹಾಕಿಸಿದಿರಿ?” ಎಂದರು ಅವರು.

“ಇಂಡಿಕೇಟರ್ ಉಳಿಯಲಿ ಎಂದು.”

“ಇಂಡಿಕೇಟರ್ ಇರುವುದೇ ಮುರಿಯಲಿಕ್ಕೆ ಸ್ವಾಮಿ. ಅದರ ಕತ್ತು ರಬ್ಬರಿನದು, ಬಾಗುತ್ತದೆ, ತೀರಾ ಆದರೆ ಮುರಿಯುತ್ತದೆ. ಇನ್ನೂರು ರೂಪಾಯಿಯಲ್ಲಿ ಮುಗಿಯಿತು. ಇದು ಬಾಗುವುದಿಲ್ಲ. ಬಿದ್ದ ಪೆಟ್ಟನ್ನೆಲ್ಲ ತೆಗೆದುಕೊಂಡು ಹೋಗಿ ಈ ಬೋಲ್ಟಿನ ಬುಡಕ್ಕೆ, ಚಾಸಿಗೆ ಕೊಡುತ್ತದೆ. ಚಾಸಿ ಬೆಂಡಾದರೆ ಯಾವ ಅಂಗಡಿಗೆ ಹೋಗುತ್ತೀರಿ?” ಬಾಯಲ್ಲಿ ಸ್ಪ್ಯಾನರ್ ಕಚ್ಚಿಕೊಂಡು ಇಷ್ಟನ್ನೂ ಹೇಳಿದರು. ನಾನು ಕೇಳಿದ ಎಂಜಿನಿಯರಿಂಗ್ ಉಪನ್ಯಾಸಗಳಲ್ಲಿ ಇದರಷ್ಟು ಸ್ಪಷ್ಟವಾದದ್ದು ಇನ್ನೊಂದಿಲ್ಲ.

ಆದರೂ ಬಿಚ್ಚಿದ್ದನ್ನು ಮತ್ತೆ ಹಾಕಿಸಿಕೊಂಡೇ ಬಂದೆ. ದುಡ್ಡು ಕೊಟ್ಟ ವಸ್ತು. ಅಷ್ಟರಲ್ಲಿ ಗಾರ್ಡಿನ ಬಣ್ಣ ಅಲ್ಲಲ್ಲಿ ಎದ್ದು ತುಕ್ಕು ಕಾಣಿಸಿತ್ತು. ಭಾವಮೈದುನ ಒಂದು ಭಾನುವಾರ ಬಂದು, ಅದರ ಉದ್ದಕ್ಕೂ ಕೆಂಪು ಹಳದಿ ನೈಲಾನ್ ಹಗ್ಗವನ್ನು ಒತ್ತೊತ್ತಾಗಿ ಸುತ್ತಿದ. ಬೈಕನ್ನು ಗಾರ್ಡು ಕಾಯುತ್ತಿತ್ತು, ಗಾರ್ಡನ್ನು ಹಗ್ಗ ಕಾಯತೊಡಗಿತು. ಮಳೆ ಬಂದ ದಿನ ಹಗ್ಗ ನೆನೆಯದಂತೆ ನನ್ನ ಹೆಂಡತಿ ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿದಳು, ಮುಖದಲ್ಲಿ ನಗುವಿನ ಸುಳಿವೇ ಇಲ್ಲದೆ.

ಕೊನೆಗೂ ಟ್ಯಾಂಕರ್ ಬಂತು. “ಬರಲಿ, ಬರಲಿ” ಕೇಳಿಸಿತು, ಹಿಂದೆಯೇ ಸದ್ದೂ ಕೇಳಿಸಿತು. ಓಡಿ ಹೋಗಿ ನೋಡಿದರೆ ಬೈಕು ಪಕ್ಕದ ಮನೆಯವರ ಹೊಸ ಸ್ಕೂಟರಿನ ಮೇಲೆ ಒರಗಿತ್ತು. ನನ್ನ ಇಂಡಿಕೇಟರಿಗೆ ಕೂದಲೂ ಕೊಂಕಿರಲಿಲ್ಲ. ಸ್ಕೂಟರಿನ ಪಕ್ಕದ ಪ್ಯಾನೆಲ್ಲಿಗೆ ಮಾತ್ರ ಗಾರ್ಡಿನ ಕಿವಿ ಒಳಹೊಕ್ಕು, ಮುಷ್ಟಿ ಹಿಡಿಯುವಷ್ಟು ತೂತಾಗಿತ್ತು. ಕ್ಷಮೆ ಕೇಳಿದೆ, ಖರ್ಚು ನನ್ನದೇ ಎಂದೆ. ಪಕ್ಕದ ಮನೆಯವರು ತೂತನ್ನು ನೋಡಿದರು, ಹಗ್ಗವನ್ನು ಸ್ವಲ್ಪ ಸರಿಸಿ ಪೈಪನ್ನು ಬೆರಳಿನಿಂದ ತಟ್ಟಿದರು.

“ಒಂದಿಷ್ಟೂ ಬಾಗಿಲ್ಲವಲ್ಲ! ಎಲ್ಲಿ ಹಾಕಿಸಿದಿರಿ?”

ಜೆ.ಸಿ. ರಸ್ತೆಯ ಅಂಗಡಿಯ ಗುರುತು ಹೇಳಿದೆ. ಟ್ಯೂಬಿನ ವಾಷರ್ ಕೇಳಿ ಹಾಕಿಸಿಕೊಳ್ಳಿ ಎಂದೂ ಹೇಳಿದೆ.