ಕಪ್ಪಗಿದ್ರೂ...

ಹೋದ ತಿಂಗಳು ದಾವಣಗೆರೆಗೆ ಹೋಗಿದ್ದೆ. ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ದೊಡ್ಡಮ್ಮ ಶುರು ಮಾಡಿದಳು: "ಏನೇ, ಎಂಟು ವರ್ಷ ಜರ್ಮನಿಯಲ್ಲಿದ್ದೂ ಒಂಚೂರೂ ಬೆಳ್ಳಗಾಗಿಲ್ವಲ್ಲೇ!" ಟಿಕೆಟ್ಟಿನ ದುಡ್ಡೆಲ್ಲ ದಂಡ ಅನ್ನೋ ಹಾಗೆ.

ಮ್ಯೂನಿಕ್‌ನಲ್ಲಿ ನನ್ನ ಪಕ್ಕದ ಟೇಬಲ್ಲಿನವಳು ಪ್ರತಿ ಆಗಸ್ಟಿನಲ್ಲಿ ಸ್ಪೇನಿಗೆ ಹೋಗಿ ಕಡಲ ದಂಡೆಯ ಬಿಸಿಲಿಗೆ ಬಿದ್ದುಕೊಂಡು ಬರುತ್ತಾಳೆ. ಬಂದವಳೇ ನನ್ನ ತೋಳಿನ ಪಕ್ಕ ತನ್ನ ತೋಳಿಟ್ಟು ನೋಡುತ್ತಾಳೆ. ಇನ್ನೂ ನನ್ನಷ್ಟು ಆಗಿಲ್ಲ ಅಂತ ಬೇಜಾರು ಬೇರೆ! ಬಿಸಿಲಿಲ್ಲದ ತಿಂಗಳುಗಳಿಗೆ ಅಂತಾನೇ ಅಲ್ಲಿ ಅಂಗಡಿಗಳಿವೆ. ದುಡ್ಡು ಕೊಟ್ಟು ದೀಪದ ಪೆಟ್ಟಿಗೆಯೊಳಗೆ ಮಲಗಿ ಮೈ ಕಂದಿಸಿಕೊಳ್ಳಬಹುದು. ನಮ್ಮೂರಲ್ಲಿ ಏಪ್ರಿಲ್‌ನಲ್ಲಿ ಬಸ್‌ಸ್ಟ್ಯಾಂಡಿಗೆ ನಡೆದರೆ ಸಾಕು, ಪುಕ್ಕಟೆ.

ದೊಡ್ಡಮ್ಮನ ಮಾತಿಗೆ ಸುಮ್ನೆ ನಕ್ಕೆ. ನಗು ನಿಂತದ್ದು ಸಂಜೆ. ಅಕ್ಕನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಉಪ್ಪಿಟ್ಟು, ಕೇಸರಿಬಾತು ಆಯಿತು. ಹೊರಡುವಾಗ ಒಬ್ಬಾಕೆ ಅಂದರು: "ಹುಡುಗಿ ಕಪ್ಪಗಿದ್ರೂ ಲಕ್ಷಣವಾಗಿದ್ದಾಳೆ."

ಮೆಚ್ಚಿಯೇ ಅಂದದ್ದು. ಆದರೆ ಆ 'ರೂ' ನೋಡಿ. 'ಬೆಳ್ಳಗಿದ್ರೂ ಲಕ್ಷಣವಾಗಿದ್ದಾಳೆ' ಅಂತ ಯಾರಾದರೂ ಅಂದದ್ದು ಕೇಳಿದ್ದೀರಾ? ಎರೆ ಹೊಲ ನೋಡಿ 'ಕಪ್ಪಗಿದ್ರೂ ಒಳ್ಳೆ ಭೂಮಿ' ಅನ್ನುವ ರೈತ ಇದ್ದಾನಾ? ಅಲ್ಲಿ ಕಪ್ಪಿಗೇ ಬೆಲೆ. ಈ ಊರಿನ ಗಿರಣಿಗಳಿಗೆ ಹತ್ತಿ ಬೆಳೆದು ಕೊಟ್ಟದ್ದು ಆ ಮಣ್ಣೇ ಅಲ್ವಾ?

1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಟ್ಯೂಬಿನ ಮೇಲಿನ ಹೆಸರು ಬದಲಾದರೂ ನಮ್ಮ ಬಾಯಿ ಅದೇ. ಮಗಳ ಜಾತಕದ ಜೊತೆ ಕೊಡುವ ಹಾಳೆಯಲ್ಲಿ ಅಕ್ಕ 'ಎಣ್ಣೆಗೆಂಪು' ಅಂತ ಬರೆಸಿದ್ದಾಳೆ. "ಯಾವ ಎಣ್ಣೆ?" ಅಂದೆ. ಅಕ್ಕ ನಗಲಿಲ್ಲ. ಫೋನಿನ ಫೋಟೋದಲ್ಲಂತೂ ಹುಡುಗಿ ಅವಳೇ ಅಲ್ಲ, ಇನ್ಯಾರೋ.

ಸರಿ, ಒಂದು ಹೇಳಲೇಬೇಕು. ಆ ದೀಪದ ಪೆಟ್ಟಿಗೆಯಿಂದ ಚರ್ಮದ ಕ್ಯಾನ್ಸರ್ ಬರಬಹುದು ಅಂತ ಜರ್ಮನಿಯಲ್ಲಿ 2009ರಿಂದ 18 ತುಂಬದವರನ್ನು ಒಳಗೆ ಬಿಡುವುದಿಲ್ಲ. ಇದ್ದ ಬಣ್ಣ ಸಾಲದು ಅನ್ನುವ ರೋಗ ಅಲ್ಲೂ ಇದೆ. ನನ್ನ ತೋಳು ಮೆಚ್ಚುವ ಅದೇ ಊರಿನಲ್ಲಿ, ಟ್ರಾಮಿನಲ್ಲಿ ಕೊನೆಗೆ ತುಂಬುವುದು ನನ್ನ ಪಕ್ಕದ ಸೀಟು.

ದೊಡ್ಡಮ್ಮನೋ, ಅನ್ನೋದೆಲ್ಲ ಅಂದು, ರಾತ್ರಿ ಮಂಡಕ್ಕಿ ಕಲೆಸಿ ಮಿರ್ಚಿ ಇಟ್ಟು, ನನಗೆ ಒತ್ತಿಕೊಂಡೇ ಕೂತಳು. ಕೈ ಸವರುತ್ತಾ ಮೆಲ್ಲಗೆ ಅಂದಳು: "ಕಡಲೆಹಿಟ್ಟು ಹಚ್ಚೇ."